ಮಲೇರಿಯಾದಿಂದ ಮಕ್ಕಳ ಸಾವಿನ ಅಪಾಯ: ನಕ್ಷೆ ಹೇಗೆ ತಯಾರಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಾರ್ವಜನಿಕ ಆರೋಗ್ಯ ಓದುತ್ತಿರುವವರು, ಜಿಐಎಸ್ (ಕಂಪ್ಯೂಟರ್ ನಕ್ಷೆ) ಕೆಲಸ ಮಾಡುವವರು, ಪತ್ರಿಕೆಯಲ್ಲಿ ಕೆಂಪು ಬಳಿದ ಆಫ್ರಿಕಾದ ನಕ್ಷೆ ನೋಡಿ "ಇದನ್ನು ಯಾರು ಎಣಿಸಿದರು?" ಎಂದು ಕೇಳುವವರು, ಎಲ್ಲರಿಗೂ ಈ ಪುಟ. ಉದಾಹರಣೆಗಳು ಹೆಚ್ಚಾಗಿ ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದವು. ಭಾರತ ಮತ್ತು ಕರ್ನಾಟಕದ ಪ್ರಶ್ನೆಗಳು ಕೊನೆಯ ಕಡೆ ಇವೆ.

ವರ್ಷಕ್ಕೆ ಎಷ್ಟು ಮಕ್ಕಳು ಮಲೇರಿಯಾದಿಂದ ಸಾಯುತ್ತಾರೆ?

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಒಟ್ಟು 5,97,000 ಸಾವು. ಅದರಲ್ಲಿ ಶೇ 95 ಆಫ್ರಿಕಾ ವಲಯದಲ್ಲೇ, ಅಲ್ಲಿ ಸತ್ತವರಲ್ಲಿ ಶೇ 76ರಷ್ಟು ಐದು ವರ್ಷ ತುಂಬದ ಮಕ್ಕಳು. ಅಂದರೆ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು. ಒಟ್ಟು ಸಾವಿನಲ್ಲಿ ನೈಜೀರಿಯಾದ ಪಾಲು ಸುಮಾರು ಶೇ 31, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು (ಕಿನ್ಶಾಸಾ) ಶೇ 11, ನೈಜರ್‌ನದು ಶೇ 6, ತಾಂಜಾನಿಯಾದ್ದು ಶೇ 4. ಈ ನಾಲ್ಕೇ ದೇಶ ಸೇರಿದರೆ ಅರ್ಧ ದಾಟುತ್ತದೆ. ಇವೆಲ್ಲ ಅಂದಾಜುಗಳು, ಒಂದೊಂದಾಗಿ ಎಣಿಸಿದ ಸಾವುಗಳಲ್ಲ.

ಸೋಂಕಿನ ನಕ್ಷೆ ಈಗಾಗಲೇ ಇದೆಯಲ್ಲ, ಸಾವಿಗೆ ಇನ್ನೊಂದು ನಕ್ಷೆ ಯಾಕೆ?

ಸೋಂಕು ಹೆಚ್ಚಿರುವ ಕಡೆಯೇ ಮಕ್ಕಳು ಹೆಚ್ಚು ಸಾಯುತ್ತಾರೆ ಎಂಬುದು ಅರ್ಧ ಸತ್ಯ. ಫಾಲ್ಸಿಪಾರಂ (ಮಲೇರಿಯಾದ ಅತಿ ಅಪಾಯಕಾರಿ ಬಗೆ) ಮಲೇರಿಯಾ ಬಂದ ಮಗುವಿಗೆ ಜ್ವರ ಶುರುವಾದ ದಿನವೇ ಎಸಿಟಿ (ಆರ್ಟಿಮಿಸಿನಿನ್ ಬೆರೆತ ಮಲೇರಿಯಾ ಔಷಧಿ) ಮಾತ್ರೆ ಸಿಕ್ಕರೆ ಅದು ಉಳಿಯುವುದು ಬಹುತೇಕ ಖಚಿತ. ಎರಡು ಮೂರು ದಿನ ತಡವಾದರೆ ಅದೇ ಮಗುವಿಗೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಬಹುದು, ಇಲ್ಲವೇ ಹಿಮೋಗ್ಲೋಬಿನ್ 5 ಗ್ರಾಂಗಿಂತ ಕೆಳಗಿಳಿದು ಏದುಸಿರು ಹತ್ತಬಹುದು. ಆ ಹಂತದಲ್ಲಿ ಆಸ್ಪತ್ರೆ ಮುಟ್ಟದಿದ್ದರೆ ಉಳಿಯುವ ಮಕ್ಕಳು ಬಹಳ ಕಡಿಮೆ.

ಹಾಗಾಗಿ ಒಂದೇ ಪ್ರಮಾಣದ ಸೋಂಕಿರುವ ಎರಡು ಜಿಲ್ಲೆಗಳಲ್ಲಿ ಸಾವಿನ ದರ ಎರಡು ಮೂರು ಪಟ್ಟು ಬೇರೆಯಾಗಿರಲು ಸಾಧ್ಯ. ಸಾವಿನ ನಕ್ಷೆಯಲ್ಲಿ ಸೊಳ್ಳೆ, ಪರೋಪಜೀವಿಗಳ ಜೊತೆಗೆ ರಸ್ತೆ, ಔಷಧಿ ದಾಸ್ತಾನು, ರಕ್ತನಿಧಿ, ತಾಯಿಯ ಕೈಯಲ್ಲಿರುವ ಬಸ್ ಚಾರ್ಜು ಎಲ್ಲವೂ ಸೇರಿವೆ. ನಕ್ಷೆ ತಪ್ಪುವುದೂ ಹೆಚ್ಚಾಗಿ ಇಲ್ಲೇ. ಸೊಳ್ಳೆಯ ಭಾಗಕ್ಕೆ ವಿಜ್ಞಾನ ಗಟ್ಟಿಯಾಗಿದೆ, ಚಿಕಿತ್ಸೆಯ ಭಾಗಕ್ಕೆ ಮಾಹಿತಿ ತೆಳು.

ಮರಣ ನೋಂದಣಿ ತೆಗೆದುಕೊಂಡು ನೇರವಾಗಿ ಚುಕ್ಕಿ ಇಟ್ಟರೆ ಆಗದೆ?

ಆಗದು. ಮಲೇರಿಯಾ ಹೆಚ್ಚಿರುವ ದೇಶಗಳಲ್ಲಿ ಬಹುಪಾಲು ಮಕ್ಕಳು ಮನೆಯಲ್ಲೇ ಸಾಯುತ್ತಾರೆ. ಅನೇಕರ ಜನನವೂ ನೋಂದಣಿಯಾಗಿರುವುದಿಲ್ಲ. ಆಸ್ಪತ್ರೆ ದಾಖಲೆ ನೆಚ್ಚಿಕೊಂಡರೆ ಇನ್ನೊಂದು ಎಡವಟ್ಟು: ಆಸ್ಪತ್ರೆ ಇರುವ ಪಟ್ಟಣದ ಸುತ್ತ ಸಾವು ಹೆಚ್ಚು ಕಾಣುತ್ತದೆ, ಆಸ್ಪತ್ರೆಯೇ ಇಲ್ಲದ ಕಡೆ ನಕ್ಷೆ ಬೆಳ್ಳಗೆ, ನೋಡಲು ನೆಮ್ಮದಿಯಾಗಿ ಉಳಿಯುತ್ತದೆ.

ಮತ್ತೆ ಸಾವಿನ ಕಾರಣ ಗೊತ್ತಾಗುವುದು ಹೇಗೆ?

ಮುಖ್ಯವಾಗಿ ಮೌಖಿಕ ಶವಪರೀಕ್ಷೆಯಿಂದ. ಸಾವಾದ ಕೆಲವು ವಾರ ಅಥವಾ ತಿಂಗಳ ಬಳಿಕ ತರಬೇತಿ ಪಡೆದ ಕಾರ್ಯಕರ್ತರು ಮನೆಗೆ ಹೋಗಿ ತಾಯಿಯನ್ನೋ ಅಜ್ಜಿಯನ್ನೋ ಮಾತಾಡಿಸುತ್ತಾರೆ. ಜ್ವರ ಎಷ್ಟು ದಿನ ಇತ್ತು, ಫಿಟ್ಸ್ ಬಂತಾ, ಅಂಗೈ ಬಿಳಿಚಿತ್ತಾ, ಉಸಿರು ಜೋರಾಗಿತ್ತಾ, ಎದೆ ಒಳಕ್ಕೆ ಸೆಳೆಯುತ್ತಿತ್ತಾ, ಏನು ಔಷಧಿ ಕೊಟ್ಟಿರಿ ಎಂದು ಕೇಳುತ್ತಾರೆ. ಉತ್ತರಗಳನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ಬರೆಯುತ್ತಾರೆ, ಅಥವಾ ಇಂಟರ್‌ವಿಎ, ಇನ್‌ಸಿಲಿಕೋವಿಎ ತರಹದ ಸಾಫ್ಟ್‌ವೇರ್ ಪ್ರತಿ ಕಾರಣಕ್ಕೂ ಸಂಭವನೀಯತೆ ಕೊಡುತ್ತದೆ. ಕೀನ್ಯಾದ ಕಿಲಿಫಿ, ಮೊಜಾಂಬಿಕ್‌ನ ಮಾನ್ಹಿಸಾ, ಘಾನಾದ ನವ್ರೊಂಗೊ, ಬುರ್ಕಿನಾ ಫಾಸೊದ ನೂನಾ ಇಂಥ ಕಡೆ ವರ್ಷಗಟ್ಟಲೆ ಪ್ರತಿ ಮನೆಯ ಜನನ, ಮರಣ, ವಲಸೆ ದಾಖಲಿಸುವ ಕ್ಷೇತ್ರಗಳಿವೆ. ಗಟ್ಟಿ ಮಾಹಿತಿ ಬರುವುದು ಅಲ್ಲಿಂದ.

ಮಲೇರಿಯಾದ ಮಟ್ಟಿಗೆ ಈ ವಿಧಾನಕ್ಕೊಂದು ದೊಡ್ಡ ಮಿತಿಯಿದೆ. ಜ್ವರ, ಏದುಸಿರು, ಮಂಕು ಇವು ನ್ಯುಮೋನಿಯಾದಲ್ಲೂ ಇವೆ, ರಕ್ತದ ನಂಜಿನಲ್ಲೂ ಇವೆ. ಮಲೇರಿಯಾ ತುಂಬಿರುವ ಊರಲ್ಲಿ ಆರೋಗ್ಯವಾಗಿ ಓಡಾಡುವ ಮಗುವಿನ ರಕ್ತದಲ್ಲೂ ಪರೋಪಜೀವಿ ಸಿಗುತ್ತದೆ, ಹಾಗಾಗಿ ರಕ್ತಪರೀಕ್ಷೆ ಪಾಸಿಟಿವ್ ಬಂತೆಂದ ಮಾತ್ರಕ್ಕೆ ಸಾವಿಗೆ ಅದೇ ಕಾರಣ ಎನ್ನುವಂತಿಲ್ಲ. ಇದನ್ನು ಸರಿಪಡಿಸಲು 2015ರಲ್ಲಿ ಶುರುವಾದ, ಮಕ್ಕಳ ಸಾವಿನ ಕಾರಣ ಹುಡುಕುವ ಚಾಂಪ್ಸ್ ಜಾಲದಲ್ಲಿ, ಕುಟುಂಬದ ಒಪ್ಪಿಗೆ ಪಡೆದು, ಮೃತ ಮಗುವಿನ ದೇಹದಿಂದ ಸೂಜಿ ಮೂಲಕ ಸಣ್ಣ ಅಂಗಾಂಶ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಸ್ಥಳಗಳು ಕೆಲವೇ, ಆದರೆ ಮೌಖಿಕ ಶವಪರೀಕ್ಷೆ ಎಲ್ಲಿ ದಾರಿ ತಪ್ಪುತ್ತಿದೆ ಎಂದು ತಾಳೆ ನೋಡಲು ಅದು ಬಹಳ ಉಪಯೋಗ.

ಸೋಂಕಿನ ಪದರಕ್ಕೆ ಮಾಹಿತಿ ಎಲ್ಲಿಂದ? "2ರಿಂದ 10 ವರ್ಷ" ಎಂದು ಎಲ್ಲ ಕಡೆ ಬರುವುದೇಕೆ?

ಊರೂರಿಗೆ ಹೋಗಿ ಮಕ್ಕಳ ಬೆರಳು ಚುಚ್ಚಿ ಮಾಡುವ ಸಮೀಕ್ಷೆಗಳಿಂದ. ನೂರು ಮಕ್ಕಳಲ್ಲಿ ಎಷ್ಟು ಜನರ ರಕ್ತದಲ್ಲಿ ಪರೋಪಜೀವಿ ಇದೆ ಎಂಬುದೇ ಮೂಲ ಸಂಖ್ಯೆ. 2ರಿಂದ 10 ವರ್ಷದ ಮಕ್ಕಳಲ್ಲಿ ಈ ಪ್ರಮಾಣ ಹೆಚ್ಚೂಕಡಿಮೆ ಸಮನಾಗಿರುತ್ತದೆ. ಕೂಸುಗಳಲ್ಲಿ ಅದು ಇನ್ನೂ ಏರುತ್ತಿರುತ್ತದೆ, ದೊಡ್ಡವರಲ್ಲಿ ರೋಗನಿರೋಧಕ ಶಕ್ತಿಯಿಂದ ಇಳಿಯುತ್ತದೆ. ಆದ್ದರಿಂದ ಹೋಲಿಕೆಗೆ ಈ ವಯೋಮಾನವೇ ಅಳತೆಗೋಲು.

ಕಿರಿಕಿರಿ ಏನೆಂದರೆ, ಡಿಎಚ್‌ಎಸ್ (ದೇಶವ್ಯಾಪಿ ಜನಸಂಖ್ಯೆ-ಆರೋಗ್ಯ ಸಮೀಕ್ಷೆ) ಮಾದರಿಯ ಮನೆ ಸಮೀಕ್ಷೆಗಳು ಪರೀಕ್ಷಿಸುವುದು 6ರಿಂದ 59 ತಿಂಗಳ ಮಕ್ಕಳನ್ನು, ಶಾಲಾ ಸಮೀಕ್ಷೆಗಳು ಅದಕ್ಕಿಂತ ದೊಡ್ಡವರನ್ನು. ಬೆರೆಸುವ ಮೊದಲು ಎಲ್ಲವನ್ನೂ 2–10ಕ್ಕೆ ಪರಿವರ್ತಿಸಲೇಬೇಕು.

ಕಿಟ್ ಫಲಿತಾಂಶ ಮತ್ತು ಸ್ಲೈಡ್ ಫಲಿತಾಂಶ ಎರಡನ್ನೂ ಒಟ್ಟಿಗೆ ಹಾಕಬಹುದೇ?

ಹಾಗೇ ಹಾಕಬೇಡಿ. ಸ್ಲೈಡ್ ಎಂದರೆ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಆರ್‌ಡಿಟಿ ಎಂದರೆ ಕ್ಷಿಪ್ರ ಪರೀಕ್ಷೆಯ ಕಿಟ್. ಆರ್‌ಡಿಟಿ ಕಿಟ್ ಹೆಚ್ಚಾಗಿ ಹಿಡಿಯುವುದು ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು. ಚಿಕಿತ್ಸೆಯಾಗಿ ಪರೋಪಜೀವಿ ಸತ್ತ ಮೇಲೂ ಅದು ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ, ಹೀಗಾಗಿ ಸಾಮಾನ್ಯವಾಗಿ ಕಿಟ್‌ನ ಪ್ರಮಾಣ ಸ್ಲೈಡ್‌ಗಿಂತ ಹೆಚ್ಚು ಬರುತ್ತದೆ. ಎರಿಟ್ರಿಯಾ, ಇಥಿಯೋಪಿಯಾ ಕಡೆ ಉಲ್ಟಾ ಸಮಸ್ಯೆ: ಅಲ್ಲಿನ ಕೆಲವು ಪರೋಪಜೀವಿಗಳಲ್ಲಿ ಆ ಪ್ರೋಟೀನ್ ತಯಾರಿಸುವ ಜೀನ್ ಇಲ್ಲವೇ ಇಲ್ಲ, ಸೋಂಕಿದ್ದರೂ ಕಿಟ್ ನೆಗೆಟಿವ್. ಪರೀಕ್ಷೆಯ ಬಗೆಯನ್ನು ಲೆಕ್ಕದ ಮಾದರಿಯಲ್ಲಿ (ಮಾಡೆಲ್) ಪ್ರತ್ಯೇಕ ಅಂಶವಾಗಿ ಸೇರಿಸಿ. ಸಮೀಕ್ಷೆ ನಡೆದ ತಿಂಗಳನ್ನೂ ಬಿಡಬೇಡಿ. ಒಣ ಕಾಲದ ಸಮೀಕ್ಷೆ ಸೆಹೆಲ್ ಪಟ್ಟಿಯನ್ನು (ಸಹಾರಾದ ದಕ್ಷಿಣ ಅಂಚಿನ ಒಣ ಪ್ರದೇಶ) ಸುರಕ್ಷಿತ ಎಂದು ತೋರಿಸಿಬಿಡುತ್ತದೆ.

ಸಮೀಕ್ಷೆಯೇ ನಡೆಯದ ಊರಿಗೆ ಬಣ್ಣ ಬಂದದ್ದು ಎಲ್ಲಿಂದ?

ಎರಡು ಮೂಲದಿಂದ: ಅಕ್ಕಪಕ್ಕದ ಸಮೀಕ್ಷೆಗಳು ಮತ್ತು ಪರಿಸರ.

ಮೊದಲನೆಯದು ಹತ್ತಿರದ ಊರುಗಳು ಒಂದಕ್ಕೊಂದು ಹೋಲುತ್ತವೆ ಎಂಬ ತರ್ಕ. ದೂರ ಹೆಚ್ಚಿದಂತೆ ಹೋಲಿಕೆ ಎಷ್ಟು ಬೇಗ ಕುಸಿಯುತ್ತದೆ ಎಂಬುದನ್ನು ಮಾಹಿತಿಯಿಂದಲೇ ಅಂದಾಜು ಮಾಡುತ್ತಾರೆ. ಇದಕ್ಕೆ ಬೇಯ್ಸಿಯನ್ ಜಿಯೋಸ್ಟಾಟಿಸ್ಟಿಕ್ಸ್ (ಸ್ಥಳದ ಮಾಹಿತಿಯಿಂದ ಸಂಭವನೀಯತೆ ಅಂದಾಜಿಸುವ ಸಂಖ್ಯಾಶಾಸ್ತ್ರ) ಬಳಕೆಯಲ್ಲಿದೆ. ಆರ್ ಭಾಷೆಯಲ್ಲಿ ಐಎನ್‌ಎಲ್‌ಎ ಪ್ಯಾಕೇಜ್ ಈ ಕೆಲಸವನ್ನು ಸಾಧಾರಣ ಕಂಪ್ಯೂಟರಿನಲ್ಲೂ ಮುಗಿಸುತ್ತದೆ.

ಎರಡನೆಯದು ಮಳೆ, ಉಷ್ಣಾಂಶ, ಹಸಿರು, ಎತ್ತರ, ರಾತ್ರಿಯ ದೀಪಗಳ ಉಪಗ್ರಹ ಚಿತ್ರ. ಇವುಗಳಲ್ಲಿ ಉಷ್ಣಾಂಶದ ಲೆಕ್ಕ ಸ್ವಲ್ಪ ವಿವರವಾಗಿ ನೋಡುವಂಥದ್ದು. ಸೊಳ್ಳೆಯ ದೇಹದಲ್ಲಿ ಫಾಲ್ಸಿಪಾರಂ ಬೆಳೆದು ಸೋಂಕು ಹರಡಲು ಸಿದ್ಧವಾಗುವ ದಿನಗಳನ್ನು ಹಳೆಯ ಒಂದು ಸೂತ್ರ ಕೊಡುತ್ತದೆ: 111ನ್ನು, ಸರಾಸರಿ ಉಷ್ಣಾಂಶದಿಂದ 16 ಕಳೆದ ಸಂಖ್ಯೆಯಿಂದ ಭಾಗಿಸಿ. 25 ಡಿಗ್ರಿಯಲ್ಲಿ ಸುಮಾರು 12 ದಿನ. 20 ಡಿಗ್ರಿಯಲ್ಲಿ ಸುಮಾರು 28 ದಿನ, ಅಷ್ಟು ದಿನ ಬದುಕುವ ಸೊಳ್ಳೆಗಳೇ ವಿರಳ. 16ಕ್ಕೆ ಇಳಿದರೆ ಬೆಳವಣಿಗೆ ನಿಂತೇಹೋಗುತ್ತದೆ. ಇಥಿಯೋಪಿಯಾ, ಕೀನ್ಯಾದ ಮಲೆನಾಡಿನಲ್ಲಿ ಕೆಲವೇ ನೂರು ಮೀಟರ್ ಎತ್ತರದ ವ್ಯತ್ಯಾಸಕ್ಕೆ ಅಪಾಯ ಥಟ್ಟನೆ ಬದಲಾಗುವುದು ಇದರಿಂದಲೇ. ನಕ್ಷೆಯನ್ನು ಚೌಕಗಳಾಗಿ ಹಂಚುತ್ತಾರೆ; ಐದು ಕಿಲೋಮೀಟರಿನ ಒಂದು ಚೌಕದಲ್ಲಿ ಬೆಟ್ಟವೂ ಕಣಿವೆಯೂ ಸೇರಿಕೊಂಡರೆ ಸರಾಸರಿ ಉಷ್ಣಾಂಶ ಯಾವ ಊರಿಗೂ ಸಲ್ಲದು.

ಸೋಂಕಿನಿಂದ ಸಾವಿನ ದರಕ್ಕೆ ಹೋಗುವ ಲೆಕ್ಕ ಹೇಗೆ?

ಒಂದು ಚೌಕ ತೆಗೆದುಕೊಳ್ಳಿ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲಷ್ಟೇ, ಯಾವ ಜಿಲ್ಲೆಯವೂ ಅಲ್ಲ.

ಐದು ವರ್ಷದೊಳಗಿನ 1,000 ಮಕ್ಕಳು. ಸೋಂಕಿನ ಪ್ರಮಾಣದಿಂದ ಅಂದಾಜಿಸಿದಂತೆ ವರ್ಷಕ್ಕೆ ಮಗುವಿಗೆ 1.2 ಸಲ ಮಲೇರಿಯಾ ಜ್ವರ, ಅಂದರೆ 1,200 ಪ್ರಕರಣ. ಶೇ 60ಕ್ಕೆ ಸಕಾಲಕ್ಕೆ ಸರಿಯಾದ ಔಷಧಿ: 720. ಉಳಿದ 480ಕ್ಕೆ ಇಲ್ಲ. ಔಷಧಿ ಸಿಕ್ಕವರಲ್ಲಿ ಶೇ 0.2, ಸಿಗದವರಲ್ಲಿ ಶೇ 1.5 ತೀವ್ರ ಮಲೇರಿಯಾಕ್ಕೆ ತಿರುಗಿದರೆ 1.4 ಮತ್ತು 7.2, ಒಟ್ಟು 8.6. ಇವರಲ್ಲಿ ಅರ್ಧ ಆಸ್ಪತ್ರೆ ಮುಟ್ಟುತ್ತಾರೆ, ಅಲ್ಲಿ ಶೇ 10 ಸಾವು. ಮುಟ್ಟದ ಅರ್ಧದಲ್ಲಿ ಶೇ 80 ಸಾವು. ಒಟ್ಟು ಸುಮಾರು 3.9 ಸಾವು.

ಈಗ ಆಸ್ಪತ್ರೆ ಮುಟ್ಟುವವರನ್ನು ಅರ್ಧದಿಂದ ಮುಕ್ಕಾಲಿಗೆ ಏರಿಸಿ, ಬೇರೇನೂ ಮುಟ್ಟಬೇಡಿ. ಸಾವು 2.4ಕ್ಕೆ ಇಳಿಯುತ್ತದೆ. ಅದರ ಬದಲು ಪ್ರಕರಣಗಳನ್ನೇ ಕಾಲುಭಾಗ ಇಳಿಸಿದ್ದರೆ 2.9. ಮೊದಲನೆಯದರಲ್ಲಿ ಒಂದೇ ಒಂದು ಸೊಳ್ಳೆ ಕಡಿಮೆಯಾಗದೆ ನಕ್ಷೆಯ ಬಣ್ಣ ಬದಲಾಯಿತು. ಲೆಕ್ಕದ ಅತ್ಯಂತ ಅನಿಶ್ಚಿತ ಸಂಖ್ಯೆಗಳೂ ಈ ಕೊನೆಯ ಎರಡು ಹೆಜ್ಜೆಯಲ್ಲೇ ಇವೆ ಎಂಬುದು ಗಮನದಲ್ಲಿರಲಿ: ಆಸ್ಪತ್ರೆಗೆ ಬಾರದೆ ಸತ್ತ ಮಕ್ಕಳನ್ನು ಯಾವ ಆಸ್ಪತ್ರೆಯೂ ಎಣಿಸಿರುವುದಿಲ್ಲ.

ಕೊನೆಗೊಂದು ತಾಳೆ ಕಡ್ಡಾಯ. ಆ ಪ್ರದೇಶದಲ್ಲಿ ಸಾವಿರ ಜನನಕ್ಕೆ 100 ಮಕ್ಕಳು ಐದು ತುಂಬುವ ಮೊದಲೇ ಸಾಯುತ್ತಿದ್ದರೆ, ವರ್ಷಕ್ಕೆ ಸಾವಿರ ಮಕ್ಕಳಲ್ಲಿ ಎಲ್ಲ ಕಾರಣ ಸೇರಿ ಸುಮಾರು 20 ಸಾವು. ನಿಮ್ಮ ಮಾದರಿ ಮಲೇರಿಯಾಕ್ಕೇ 15 ಕೊಟ್ಟರೆ ಎಲ್ಲೋ ತಪ್ಪಿದೆ.

ಚಿಕಿತ್ಸೆ ಸಿಗುತ್ತದೋ ಇಲ್ಲವೋ ಎಂಬುದನ್ನು ಹೇಗೆ ಅಳೆಯುತ್ತಾರೆ?

ಮನೆ ಸಮೀಕ್ಷೆಯಲ್ಲಿ "ಕಳೆದ ಎರಡು ವಾರದಲ್ಲಿ ಮಗುವಿಗೆ ಜ್ವರ ಬಂದಿತ್ತೇ, ಎಲ್ಲಿಗೆ ಕರೆದೊಯ್ದಿರಿ, ಏನು ಕೊಟ್ಟರು" ಎಂದು ಕೇಳುತ್ತಾರೆ. ಇದು ಬದುಕಿರುವ ಮಕ್ಕಳ ಮಾಹಿತಿ, ಸತ್ತ ಮಗುವಿಗೆ ಏನು ಸಿಕ್ಕಿತ್ತು ಎಂದು ಇದರಿಂದ ತಿಳಿಯದು. ಜೊತೆಗೆ, ಸಮೀಪದ ಆರೋಗ್ಯ ಕೇಂದ್ರಕ್ಕೆ ತಲುಪಲು ಹಿಡಿಯುವ ಸಮಯದ ನಕ್ಷೆ. ಜಗತ್ತಿನ ಮಲೇರಿಯಾ ನಕ್ಷೆ ತಯಾರಿಸುವ ಸಂಶೋಧಕರ ಮಲೇರಿಯಾ ಅಟ್ಲಾಸ್ ಪ್ರಾಜೆಕ್ಟ್ ತಂಡ ವಾಹನದ ಪ್ರಯಾಣಕ್ಕೆ ಒಂದು, ಬರೀ ನಡಿಗೆಗೆ ಒಂದು, ಹೀಗೆ ಎರಡು ಜಾಗತಿಕ ಪದರಗಳನ್ನು ಪ್ರಕಟಿಸಿದೆ. ಗ್ರಾಮೀಣ ಆಫ್ರಿಕಾಕ್ಕೆ ನಡಿಗೆಯ ಪದರವೇ ವಾಸ್ತವಕ್ಕೆ ಹತ್ತಿರ ಎಂಬುದು ನಮ್ಮ ಅಭಿಪ್ರಾಯ.

ಎರಡಕ್ಕೂ ಒಂದೇ ಕೊರತೆ: ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಕಡಿದುಹೋಗುವುದು ಅದರಲ್ಲಿಲ್ಲ. ಮಲೇರಿಯಾ ಏರುವುದು ಅದೇ ತಿಂಗಳುಗಳಲ್ಲಿ. ಕೇಂದ್ರದ ಬಾಗಿಲು ತೆರೆದಿದ್ದರೂ ಒಳಗೆ ತೀವ್ರ ಮಲೇರಿಯಾಕ್ಕೆ ಕೊಡುವ ಆರ್ಟಿಸುನೇಟ್ ಇಂಜೆಕ್ಷನ್ ಇದೆಯೇ ಎಂಬುದು ಇನ್ನೊಂದು ಮಾತು. ಅದರ ಬೆಲೆ ಗೊತ್ತಾಗಬೇಕಾದರೆ 2010ರ ಅಕ್ವಾಮ್ಯಾಟ್ ಪ್ರಯೋಗ ನೋಡಿ: 9 ಆಫ್ರಿಕನ್ ದೇಶಗಳ 5,425 ಮಕ್ಕಳಲ್ಲಿ ಹಳೆಯ ಔಷಧಿ ಕ್ವಿನೈನ್ ಪಡೆದವರ ಸಾವು ಶೇ 10.9, ಆರ್ಟಿಸುನೇಟ್ ಪಡೆದವರದು ಶೇ 8.5.

ಸಮೀಕ್ಷೆಯ ಜಿಪಿಎಸ್ ಬಿಂದುಗಳು ಕೆರೆಯಲ್ಲೋ ಕಾಡಿನಲ್ಲೋ ಬೀಳುತ್ತಿವೆ. ತಪ್ಪು ಡೌನ್‌ಲೋಡ್ ಆಯಿತೇ?

ಇಲ್ಲ. ಕುಟುಂಬಗಳ ಗುರುತು ಸಿಗಬಾರದೆಂದು ಡಿಎಚ್‌ಎಸ್ ಬೇಕೆಂದೇ ಬಿಂದುಗಳನ್ನು ಸರಿಸುತ್ತದೆ: ಪಟ್ಟಣದಲ್ಲಿ 2 ಕಿ.ಮೀ.ವರೆಗೆ, ಹಳ್ಳಿಯಲ್ಲಿ 5 ಕಿ.ಮೀ.ವರೆಗೆ, ಹಳ್ಳಿಗಳಲ್ಲಿ ಶೇ 1ನ್ನು 10 ಕಿ.ಮೀ.ವರೆಗೆ. ಹಾಗಾಗಿ ಬಿಂದುವಿನ ಕೆಳಗಿನ ಒಂದೇ ಪಿಕ್ಸೆಲ್‌ನ ಮಳೆ, ಎತ್ತರ ತೆಗೆಯುವ ಬದಲು ಸುತ್ತ 2 ಅಥವಾ 5 ಕಿ.ಮೀ. ವೃತ್ತದ ಸರಾಸರಿ ತೆಗೆದುಕೊಳ್ಳಿ. 100 ಮೀಟರ್ ಸೂಕ್ಷ್ಮತೆಯ ನಕ್ಷೆಗೆ ಈ ಮಾಹಿತಿ ಬಳಸುವುದು ವ್ಯರ್ಥ ಸಾಹಸ.

2025ರ ಆರಂಭದಲ್ಲಿ ಅಮೆರಿಕ ನೆರವು ನಿಲ್ಲಿಸಿದಾಗ ಡಿಎಚ್‌ಎಸ್ ಕಾರ್ಯಕ್ರಮ ಸ್ಥಗಿತಗೊಂಡದ್ದು ಈ ಕ್ಷೇತ್ರಕ್ಕೆ ಬಿದ್ದ ದೊಡ್ಡ ಪೆಟ್ಟು.

ದರದ ನಕ್ಷೆ ಮತ್ತು ಸಂಖ್ಯೆಯ ನಕ್ಷೆ ಬೇರೆ ಬೇರೆ ಕಾಣುತ್ತವೆ. ಯಾವುದನ್ನು ನಂಬಬೇಕು?

ಎರಡೂ ಬೇಕು. ಒಂದು ಮಗುವಿಗೆ ಅಪಾಯ ಎಷ್ಟು ಎಂದು ದರ ಹೇಳುತ್ತದೆ, ಎಷ್ಟು ಡೋಸ್ ಕಳಿಸಬೇಕು ಎಂದು ಸಂಖ್ಯೆ ಹೇಳುತ್ತದೆ. ವಿರಳ ಜನವಸತಿಯ ವಿಶಾಲ ಕಾಡು ದರದ ನಕ್ಷೆಯಲ್ಲಿ ಕಡುಕೆಂಪಾಗಿ ಇಡೀ ಪುಟ ತಿಂದುಹಾಕುತ್ತದೆ, ಅಲ್ಲಿ ಮಕ್ಕಳು ಬೆರಳೆಣಿಕೆಯಷ್ಟೇ ಇರಬಹುದು.

ಸಂಖ್ಯೆಗೆ ಬೇಕಾದ ಜನಸಂಖ್ಯಾ ಪದರ ಎಷ್ಟು ಹಳೆಯದು ಎಂದು ನೋಡದೆ ಮುಂದೆ ಹೋಗಬೇಡಿ. ಅತಿ ಹೆಚ್ಚು ಸಾವಿರುವ ಎರಡು ದೇಶಗಳಲ್ಲಿ ನೈಜೀರಿಯಾದ ಕೊನೆಯ ಜನಗಣತಿ 2006ರದು, ಕಾಂಗೋದ್ದು 1984ರದು. ವರ್ಲ್ಡ್‌ಪಾಪ್ ಮುಂತಾದ ಪದರಗಳು ಈ ಹಳೆಯ ಲೆಕ್ಕವನ್ನು ಮುಂದಕ್ಕೆ ಎಳೆದು, ಕಟ್ಟಡಗಳ ಉಪಗ್ರಹ ಚಿತ್ರ ನೋಡಿ ಹಂಚುತ್ತವೆ. ನಿರಾಶ್ರಿತರ ಶಿಬಿರ ಒಂದೇ ವರ್ಷದಲ್ಲಿ ಎದ್ದಿದ್ದರೆ ಅದರಲ್ಲಿ ಸಿಗುವುದು ಅನುಮಾನ.

ಎರಡು ಸಂಸ್ಥೆಗಳ ಅಂಕಿ ಇಷ್ಟು ಬೇರೆ ಏಕೆ?

2016ರಲ್ಲಿ ಮಲೇರಿಯಾ ಅಟ್ಲಾಸ್ ತಂಡದವರು ಇದ್ದ ಒಂದು ಅಧ್ಯಯನ, ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಮಲೇರಿಯಾ ಸಾವು 2000ದಲ್ಲಿ 10,07,000 ಇದ್ದದ್ದು 2015ಕ್ಕೆ 6,31,000ಕ್ಕೆ ಇಳಿಯಿತು ಎಂದಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ 2015ಕ್ಕೆ ಇಡೀ ಜಗತ್ತಿಗೇ 4,29,000 ಎಂದಿತು, ಅದರ ವ್ಯಾಪ್ತಿ 2,35,000ದಿಂದ 6,39,000. ಸೋಂಕಿನ ಬಗ್ಗೆ ಇಬ್ಬರದೂ ಹೆಚ್ಚುಕಡಿಮೆ ಒಂದೇ ತಿಳಿವಳಿಕೆ. ಮೌಖಿಕ ಶವಪರೀಕ್ಷೆಯನ್ನು ಎಷ್ಟು ನೆಚ್ಚಬೇಕು, ದೊಡ್ಡವರ ಜ್ವರದ ಸಾವುಗಳಲ್ಲಿ ಎಷ್ಟನ್ನು ಮಲೇರಿಯಾ ಎನ್ನಬೇಕು ಎಂಬಲ್ಲಿ ದಾರಿ ಕವಲಾಗುತ್ತದೆ. ಐದರೊಳಗಿನ ಮಕ್ಕಳ ಮಟ್ಟಿಗೆ ಅಂತರ ಅಷ್ಟಿಲ್ಲ.

ಅನಿಶ್ಚಿತತೆಯ ನಕ್ಷೆಯನ್ನೂ ಅಚ್ಚು ಹಾಕಬೇಕೇ?

ಹೌದು, ಪಕ್ಕದಲ್ಲೇ, ಅದೇ ಗಾತ್ರದಲ್ಲಿ. ಅನುಬಂಧಕ್ಕೆ ತಳ್ಳಿದ್ದನ್ನು ಯಾರೂ ತೆರೆಯುವುದಿಲ್ಲ. ಅಧಿಕಾರಿಗಳಿಗೆ ಸರಾಸರಿಗಿಂತ ಉಪಯುಕ್ತವಾದುದು "ಈ ಜಿಲ್ಲೆಯ ದರ ನಿಗದಿತ ಮಿತಿ ಮೀರಿರುವ ಸಂಭವ ಶೇ ಎಷ್ಟು" ಎಂಬ ನಕ್ಷೆ. ಮತ್ತೊಂದು ಕಿವಿಮಾತು: ಚೌಕಗಳ ಅಂದಾಜಿನ ಮೇಲಿನ, ಕೆಳಗಿನ ಮಿತಿಗಳನ್ನು ಕೂಡಿಸಿ ಜಿಲ್ಲೆಯ ಮಿತಿ ತೆಗೆಯಬೇಡಿ. ಪ್ರತಿ ಸಿಮ್ಯುಲೇಶನ್‌ನಲ್ಲೂ (ಮಾದರಿ ಕೊಡುವ ಒಂದೊಂದು ಸಂಭಾವ್ಯ ಲೆಕ್ಕ) ಮೊದಲು ಜಿಲ್ಲೆಯ ಮೊತ್ತ ಮಾಡಿ, ಆಮೇಲೆ ಆ ಮೊತ್ತಗಳಿಂದ ಮಿತಿ ತೆಗೆಯಿರಿ.

ಇಂಥ ನಕ್ಷೆಯಿಂದ ನೆಲದ ಮೇಲೆ ಏನು ಬದಲಾಗುತ್ತದೆ?

ಯಾವ ಕ್ರಮ ಎಲ್ಲಿ ಎಂಬ ಆಯ್ಕೆ. ವರ್ಷದ ಪ್ರಕರಣಗಳಲ್ಲಿ ಶೇ 60 ನಾಲ್ಕೇ ತಿಂಗಳಲ್ಲಿ ಬರುವ ಸೆಹೆಲ್ ಪಟ್ಟಿಯಲ್ಲಿ ಮಳೆಗಾಲದ ಪ್ರತಿ ತಿಂಗಳು 3ರಿಂದ 59 ತಿಂಗಳ ಮಕ್ಕಳಿಗೆ ಮುಂಜಾಗ್ರತಾ ಔಷಧಿ ಕೊಡುತ್ತಾರೆ. 2012ರಿಂದ ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿದೆ. ಮೊದಲ ದಿನ ಮನೆ ಬಾಗಿಲಲ್ಲೇ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಜೊತೆ ಅಮೊಡಿಯಾಕ್ವಿನ್, ಎರಡು ಮತ್ತು ಮೂರನೇ ದಿನದ ಅಮೊಡಿಯಾಕ್ವಿನ್ ತಾಯಿಯ ಕೈಗೆ. ಮಾತ್ರೆ ಕಹಿ, ಮಗು ವಾಂತಿ ಮಾಡುತ್ತದೆ, ಹಾಗಾಗಿ ತಪ್ಪುವುದು ಹೆಚ್ಚಾಗಿ ಕೊನೆಯ ಎರಡು ಡೋಸ್. ವರ್ಷವಿಡೀ ಸೋಂಕಿರುವ ಕಡೆ ಇದು ಹೊಂದುವುದಿಲ್ಲ.

ಆಸ್ಪತ್ರೆ ದೂರವಿದ್ದು ಸಾವಿನ ದರ ಹೆಚ್ಚಿರುವ ಕಡೆ, ಆರು ವರ್ಷದೊಳಗಿನ ಮಗು ಬಾಯಿಂದ ಔಷಧಿ ತೆಗೆದುಕೊಳ್ಳಲಾಗದಿದ್ದರೆ ಹಳ್ಳಿಯ ಕಾರ್ಯಕರ್ತೆ ಗುದದ್ವಾರದ ಮೂಲಕ ಆರ್ಟಿಸುನೇಟ್ ಇಡುತ್ತಾರೆ, ಕಿಲೋ ತೂಕಕ್ಕೆ 10 ಮಿ.ಗ್ರಾಂ. ಇದು ಆಸ್ಪತ್ರೆ ತಲುಪುವವರೆಗೆ ಸಮಯ ಗಳಿಸಿಕೊಡುವ ಉಪಾಯ ಮಾತ್ರ. ಮುಂದೆ ಇಂಜೆಕ್ಷನ್ ಮತ್ತು ಪೂರ್ತಿ ಎಸಿಟಿ ಆಗಲೇಬೇಕು. ಲಸಿಕೆಗಳೂ ಈಗ ಇವೆ: ಆರ್‌ಟಿಎಸ್,ಎಸ್‌ಗೆ 2021ರಲ್ಲಿ, ಆರ್21ಗೆ 2023ರಲ್ಲಿ ಶಿಫಾರಸು ಸಿಕ್ಕಿತು. ಸುಮಾರು 5 ತಿಂಗಳ ವಯಸ್ಸಿನಿಂದ ನಾಲ್ಕು ಡೋಸ್. ಲಸಿಕೆ ಕೊರತೆಯಿದ್ದಾಗ ಮೊದಲು ಯಾವ ಜಿಲ್ಲೆಗೆ ಎಂದು ತೀರ್ಮಾನಿಸಲು ಸೋಂಕಿನ ಪ್ರಮಾಣ, ಮಕ್ಕಳ ಮರಣ ದರ ಎರಡನ್ನೂ ಕೂಡಿಸಿ ನೋಡಿದರು.

ಭಾರತದ ಸ್ಥಿತಿ ಏನು?

ನಮ್ಮಲ್ಲೂ ಇದೇ ಜಗಳ ನಡೆದಿದೆ. ದಶಲಕ್ಷ ಸಾವುಗಳ ಅಧ್ಯಯನದ ಭಾಗವಾಗಿ 2001–03ರ 1,22,000 ಸಾವುಗಳ ಮೌಖಿಕ ಶವಪರೀಕ್ಷೆ ಮಾಡಿ, 2010ರಲ್ಲಿ ಭಾರತದಲ್ಲಿ ವರ್ಷಕ್ಕೆ 70 ವರ್ಷದೊಳಗಿನ 2,05,000 ಜನ ಮಲೇರಿಯಾದಿಂದ ಸಾಯುತ್ತಿದ್ದಾರೆ, ಅದರಲ್ಲಿ 55,000 ಪುಟ್ಟ ಮಕ್ಕಳು ಎಂದು ಪ್ರಕಟಿಸಿದರು. ಆಗ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 15,000 ಮಾತ್ರ. ಜ್ವರದ ಸಾವನ್ನೆಲ್ಲ ಮಲೇರಿಯಾಕ್ಕೆ ಕಟ್ಟಿದ್ದಾರೆ ಎಂಬ ಆಕ್ಷೇಪ ಬಂತು. ಮೇಲಿನ ಸಂಖ್ಯೆ ಹೆಚ್ಚೇ ಇರಬಹುದು. ಆದರೆ ಹಾಗೆ ಗುರುತಿಸಿದ ಸಾವುಗಳಲ್ಲಿ ಶೇ 86 ಯಾವ ಆಸ್ಪತ್ರೆಯಲ್ಲೂ ಆಗಿರಲಿಲ್ಲ ಎಂಬ ಅಂಶವನ್ನು ಆಸ್ಪತ್ರೆ ಲೆಕ್ಕವೊಂದನ್ನೇ ಹಿಡಿದವರು ತಳ್ಳಿಹಾಕುವಂತಿಲ್ಲ. ಒಡಿಶಾ ಆ ನಕ್ಷೆಯಲ್ಲಿ ಎದ್ದು ಕಾಣುತ್ತಿತ್ತು.

ಕರ್ನಾಟಕಕ್ಕೆ ಇಂಥ ನಕ್ಷೆ ಬೇಕೇ?

ಬೇಡ ಎಂದೇ ಹೇಳುತ್ತೇವೆ. ಮಂಗಳೂರಿನ ಮಲೇರಿಯಾ ಹೆಚ್ಚಾಗಿ ವೈವ್ಯಾಕ್ಸ್ (ಫಾಲ್ಸಿಪಾರಂಗಿಂತ ಕಡಿಮೆ ಮಾರಕ ಬಗೆ), ಬಾಧಿತರಲ್ಲಿ ಕಟ್ಟಡ ಕಾರ್ಮಿಕರಾಗಿ ಬಂದ ದೊಡ್ಡವರು ಬಹಳ. ಮಕ್ಕಳ ಸಾವು ಇಷ್ಟು ವಿರಳವಿರುವಲ್ಲಿ ಸಾವಿನ ದರದ ನಕ್ಷೆ ತೋರಿಸುವುದು ಬರೀ ಅರ್ಥವಿಲ್ಲದ ಏರಿಳಿತ. ಅಲ್ಲಿ ಬೇಕಾದದ್ದು ಪ್ರತಿ ಪ್ರಕರಣದ ವಿಳಾಸ. 2015ರಿಂದ ನಗರದಲ್ಲಿ ಟ್ಯಾಬ್, ಸಾಫ್ಟ್‌ವೇರ್ ಬಳಸಿ ಪ್ರಕರಣಗಳನ್ನು ಸ್ಥಳದ ಗುರುತಿನೊಂದಿಗೆ ದಾಖಲಿಸುವ ವ್ಯವಸ್ಥೆ ಬಂದದ್ದು ಆ ದೃಷ್ಟಿಯಿಂದ ಸರಿಯಾದ ಹೆಜ್ಜೆ.

ಸ್ವತಃ ಮಾಡಿ ನೋಡಬೇಕು. ಎಲ್ಲಿಂದ ಶುರು ಮಾಡಲಿ?

ಆರ್ ಭಾಷೆಯಲ್ಲಿ "ಮಲೇರಿಯಾಅಟ್ಲಾಸ್" ಪ್ಯಾಕೇಜ್ ಹಾಕಿಕೊಂಡರೆ ಸಮೀಕ್ಷಾ ಬಿಂದುಗಳೂ ಸಿದ್ಧ ಪದರಗಳೂ ಉಚಿತವಾಗಿ ಬರುತ್ತವೆ. ಒಂದು ಸಣ್ಣ ದೇಶ ಆರಿಸಿ, ಮಲಾವಿ ಒಳ್ಳೆಯದು. ಬಿಂದುಗಳನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದು ಕಣ್ಣಲ್ಲೇ ನೋಡಿ: ಸಮುದ್ರದಲ್ಲಿ ಬಿದ್ದವು, ಅಕ್ಷಾಂಶ ರೇಖಾಂಶ ಅದಲುಬದಲಾದವು, ಐದೇ ಮಕ್ಕಳನ್ನು ಪರೀಕ್ಷಿಸಿದವು ಅಲ್ಲೇ ಸಿಗುತ್ತವೆ. ಎಲ್ಲ ಪದರಗಳನ್ನೂ ಒಂದೇ ಚೌಕಜಾಲಕ್ಕೆ ತನ್ನಿ. ಜನಸಂಖ್ಯೆಯನ್ನು ದೊಡ್ಡ ಚೌಕಕ್ಕೆ ತರುವಾಗ ಮೊತ್ತ ಮಾಡಬೇಕು, ಉಷ್ಣಾಂಶಕ್ಕೆ ಸರಾಸರಿ. ಇಲ್ಲಿ ಸರಾಸರಿ ಎಂದು ಒತ್ತಿ ದೇಶದ ಮುಕ್ಕಾಲು ಮಕ್ಕಳನ್ನು ಮಾಯ ಮಾಡಿದ ನಕ್ಷೆಗಳು ಕಡಿಮೆಯೇನಲ್ಲ. ಪ್ರತಿ ಹೆಜ್ಜೆಯ ಬಳಿಕ ದೇಶದ ಒಟ್ಟು ಮಕ್ಕಳ ಸಂಖ್ಯೆಯನ್ನು ವಿಶ್ವಸಂಸ್ಥೆಯ ಅಂದಾಜಿನೊಂದಿಗೆ ಹೋಲಿಸಿ.

ಹಳೆಯ ವರದಿಯ ನಕ್ಷೆಯನ್ನು ಹೊಸದರ ಪಕ್ಕ ಇಟ್ಟು "ಇಷ್ಟು ಕಡಿಮೆಯಾಯಿತು" ಎನ್ನಬಹುದೇ?

ಬೇಡ. ವಿಧಾನ ಬದಲಾದಾಗಲೆಲ್ಲ 2000ದಿಂದ ಇಲ್ಲಿಯವರೆಗಿನ ಇಡೀ ಸರಣಿಯನ್ನು ಮತ್ತೆ ಲೆಕ್ಕ ಹಾಕುತ್ತಾರೆ. 2015ಕ್ಕೆ 2016ರ ವರದಿ ಕೊಟ್ಟ ಅಂಕಿಗೂ ಅದೇ ವರ್ಷಕ್ಕೆ ಈಚಿನ ವರದಿ ಕೊಡುವ ಅಂಕಿಗೂ ತಾಳೆಯಾಗುವುದಿಲ್ಲ. ಏರಿಳಿತ ಹೇಳಬೇಕಿದ್ದರೆ ಒಂದೇ ಆವೃತ್ತಿಯ ಎಲ್ಲ ವರ್ಷಗಳನ್ನು ತೆಗೆದುಕೊಳ್ಳಿ, ಆವೃತ್ತಿಯ ವರ್ಷವನ್ನು ನಕ್ಷೆಯ ಮೂಲೆಯಲ್ಲೇ ಬರೆಯಿರಿ.